ಅಕ್ಕ ಹಾಕಿದ ಓಟು

ಹೊಲಿಗೆ ಕೋಣೆಯಿಂದ,
ಹದಿನಾಲ್ಕನೇ ತಾರೀಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತಾ? ಚಿಕ್ಕಮ್ಮನ ಮನೆಯ ಮಂಚ ನಡುವೆ ಕುಸಿದಿದೆ, ಅದರಲ್ಲಿ ಮಲಗಿದರೆ ಗಟ್ಟಿಮುಟ್ಟಾದವರಿಗೂ ಸೊಂಟ ಹಿಡಿಯುತ್ತದೆ. ನೆಲದ ಮೇಲೆ ಹಾಸಿಕೊಂಡು ಮಲಗು. ಅವರಿಗೆ ಕಿವಿ ಕೇಳಿಸುವುದಿಲ್ಲ, ಹಾಗಾಗಿ ಅಲ್ಲಿ ನಿನ್ನನ್ನು ಪ್ರಶ್ನೆ ಕೇಳುವವರೂ ಇಲ್ಲ. ಇಷ್ಟೊಂದು ನೆಂಟರ ಮನೆಗಳಲ್ಲಿ ಅದೊಂದನ್ನೇ ಏಕೆ ಆರಿಸಿಕೊಂಡೆ ಎಂದು ತಿಳಿಯದಷ್ಟು ದಡ್ಡಿಯಲ್ಲ ನಾನು. ನಿನ್ನ ಫೋನು ಆರಿಸಿಟ್ಟಿದ್ದೀಯ. ಚಿಕ್ಕಮ್ಮನ ಫೋನಿಗೆ ಮಾಡಿದರೆ ಅವರು ನನ್ನನ್ನು ಗ್ಯಾಸಿನವಳು ಎಂದುಕೊಂಡು ಸಿಲಿಂಡರ್ ಇನ್ನೂ ಬಂದಿಲ್ಲ ಎಂದು ಗದರಿಸಿ ಇಟ್ಟುಬಿಟ್ಟರು. ಅದಕ್ಕೇ ಈ ಕಾಗದ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಬೇಕಲ್ಲ, ಬರೆದಿದ್ದೇನೆ. ನನ್ನ ಮಂಡಿ ಎಂದಿನಂತಿದೆ, ನಿನ್ನ ಭಾವ ಎಂದಿನಂತಿದ್ದಾರೆ. ನಿನ್ನ ಹೆಂಡತಿ ಮಾತ್ರ ಎಂದಿನಂತಿಲ್ಲ. ಮೋಟಾರು ಸುತ್ತುವ ಕೆಲಸ ಬಾರದಿದ್ದರೂ ದಿನಾ ಬೆಳಿಗ್ಗೆ ಅಂಗಡಿಯ ಬಾಗಿಲೆತ್ತಿ ಕೂರುತ್ತಾಳೆ. ಫ್ಯಾನು ರಿಪೇರಿಗೆ ಕೊಟ್ಟವರಿಗೆಲ್ಲ ನಾಳೆ, ನಾಳಿದ್ದು ಎಂದು ಹೇಳಿ ಹೇಳಿ ಅವಳ ನಾಲಿಗೆ ಸವೆದಿದೆ. ಈ ಸೆಖೆಯಲ್ಲಿ ಜನರ ಫ್ಯಾನುಗಳನ್ನು ಬಿಚ್ಚಿ ಹಾಕಿ ಹೋಗಿದ್ದೀಯಲ್ಲ, ಓಟು ಹಾಕದವರ ಮೇಲೆ ಸೇಡು ತೀರಿಸಿಕೊಂಡೆ ಎಂದು ಬೇಕರಿಯವನು ಎಲ್ಲರಿಗೂ ಹೇಳುತ್ತಿದ್ದಾನೆ.

ಚುನಾವಣೆಯಲ್ಲಿ ಸೋತವರನ್ನು ನಾನು ಬೇಕಾದಷ್ಟು ನೋಡಿದ್ದೇನೆ ತಮ್ಮಾ. ಆ ವಿಷಯದಲ್ಲಿ ನನ್ನಷ್ಟು ಅನುಭವ ಇರುವವರು ನಮ್ಮ ಬೀದಿಯಲ್ಲಿ ಇನ್ನೊಬ್ಬರಿಲ್ಲ. ನನ್ನ ಮೊದಲ ಓಟು ನಮಗೆ ಪಾಠ ಹೇಳಿದ ಹೆಡ್‌ಮಾಸ್ಟರಿಗೆ. ಅವರು ಮನೆಮನೆಗೆ ಬಂದು ಓಟು ಕೇಳಿದ್ದು ಹೋಂವರ್ಕ್ ಕೇಳಿದ ಹಾಗಿತ್ತು. ಜನ ಹೆದರಿ ಬೇರೆಯವರಿಗೆ ಹಾಕಿದರು, ಠೇವಣಿಯೂ ಹೋಯಿತು. ಆಮೇಲಿನದು ಡಾಕ್ಟರಮ್ಮನಿಗೆ. ಈ ಬೀದಿಯ ಅರ್ಧ ಮಕ್ಕಳನ್ನು ಭೂಮಿಗೆ ಇಳಿಸಿಕೊಂಡ ಕೈ ಅವರದು. ಆ ಮಕ್ಕಳ ಅಪ್ಪಂದಿರು ಮೀಸೆ ತಿರುವಿಕೊಂಡು ಹೋಗಿ ಸಿನಿಮಾ ಟಾಕೀಸಿನ ಮಾಲೀಕನನ್ನು ಗೆಲ್ಲಿಸಿ ಬಂದರು. ಮುಂದಿನ ಸಲ ನನಗೂ ರೋಸಿಹೋಯಿತು. ಒಂದು ಸಲವಾದರೂ ಗೆದ್ದವರ ಮೆರವಣಿಗೆಯನ್ನು ನಮ್ಮದು ಎಂದುಕೊಂಡು ಕಿಟಕಿಯಲ್ಲಿ ನಿಂತು ನೋಡೋಣ ಎನ್ನಿಸಿ, ಈ ಸಲವೂ ಗೆದ್ದೇಬಿಟ್ಟ ಎಂದು ಊರೆಲ್ಲ ಹೇಳುತ್ತಿದ್ದ ಅದೇ ಟಾಕೀಸಿನವನಿಗೆ ಕಣ್ಣುಮುಚ್ಚಿ ಹಾಕಿದೆ. ಅವನೂ ಮಕಾಡೆ ಮಲಗಿದ. ಅಲ್ಲಿಂದ ಮುಂದೆ ನನ್ನ ಹೆಸರೇ ಹೋಗಿ ಸೋಲಕ್ಕ ಎಂದಾಯಿತು. ಓಟಿನ ದಿನ ಬೆಳಿಗ್ಗೆ ಬ್ರೆಡ್ಡು ತರುವ ನೆಪದಲ್ಲಿ ಬೇಕರಿಯವನು ಬಂದು, ಈ ಸಲ ಯಾರಿಗಕ್ಕಾ ಎಂದು ಕೇಳಿ, ನಾನು ಹೇಳಿದವರನ್ನು ಬಿಟ್ಟು ಉಳಿದವರಿಗೆ ಹಾಕುವುದು ಒಂದು ಪದ್ಧತಿಯೇ ಆಗಿಹೋಗಿದೆ. ಕಳೆದ ಸಲ ಅಭ್ಯರ್ಥಿಯೊಬ್ಬರ ಕಡೆಯವರು ಮುದುಕರನ್ನೆಲ್ಲ ಕಾರಿನಲ್ಲಿ ಕರೆದುಕೊಂಡು ಹೋದರು. ನಮ್ಮ ಬಾಗಿಲಿಗೆ ಬಂದಾಗ ಮಾತ್ರ, ನಿಮಗೆ ಮಂಡಿ ನೋವಲ್ಲವಾ ಅಮ್ಮಾ, ಮನೆಯಲ್ಲೇ ಆರಾಮಾಗಿರಿ ಎಂದು ಕೈಮುಗಿದು ಹೋದರು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದರೆ ಬೈಗುಳ ಕಾಗೆಗೆ. ಕೊಂಬೆ ಒಳಗೇ ಗೆದ್ದಲು ಹಿಡಿದಿತ್ತೇ ಎಂದು ಯಾರು ನೋಡುತ್ತಾರೆ?

ನಿನ್ನ ಭಾವನ ದಾರಿಯೇ ಬೇರೆ. ಅವರ ಜೀವಮಾನದಲ್ಲಿ ಒಂದು ಓಟೂ ಹಾಳಾಗಿಲ್ಲ ಎನ್ನುವುದು ಅವರ ಜಂಭ. ಪ್ರೆಸ್ಸಿನಲ್ಲಿ ಎಲ್ಲ ಪಕ್ಷದವರ ಪೋಸ್ಟರನ್ನೂ ಅಚ್ಚು ಹಾಕುತ್ತಿದ್ದವರು; ಯಾರು ಎಷ್ಟು ಅಚ್ಚು ಹಾಕಿಸುತ್ತಾರೆ ಎಂದು ನೋಡಿ ಗಾಳಿ ಬಂದ ಕಡೆ ತೂರಿಕೊಳ್ಳುತ್ತಿದ್ದರು. ರಾತ್ರಿ ಊಟಕ್ಕೆ ಕೂತಾಗ ನನ್ನನ್ನು ಕೆಣಕದಿದ್ದರೆ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ. ಆದರೆ ಒಂದು ಮಾತು ಕೇಳು. ಅವರು ಗೆಲ್ಲಿಸಿದ ಒಬ್ಬನೇ ಒಬ್ಬ ಮನುಷ್ಯ ಅವರ ಮುಖ ನೋಡಿ ಗುರುತು ಹಿಡಿದಿದ್ದಿಲ್ಲ. ನಾನು ಸೋಲಿಸಿದ ಡಾಕ್ಟರಮ್ಮ ಮಾತ್ರ ಸೋತ ಮರುದಿನವೇ ಕ್ಲಿನಿಕ್ಕಿಗೆ ಬಂದು ಕೂತು, ನನ್ನ ಮಂಡಿ ಒತ್ತಿ ನೋಡಿ, ತೂಕ ಇಳಿಸು ಎಂದು ಬೈದರು. ಹೆಡ್‌ಮಾಸ್ಟರು ಸೋತ ವಾರವೇ ಬೀದಿಯಲ್ಲಿ ನಿನ್ನ ಕಿವಿ ಹಿಡಿದು ಮಗ್ಗಿ ಕೇಳಿದ್ದು ನೀನು ಮರೆತಿರಬಹುದು, ನಾನು ಮರೆತಿಲ್ಲ. ಸೋತವರಾರೂ ಗಂಟುಮೂಟೆ ಕಟ್ಟಿಕೊಂಡು ಚಿಕ್ಕಮ್ಮನ ಮನೆಗೆ ಓಡಿಹೋಗಲಿಲ್ಲ.

ನೀನು ನಿಲ್ಲುತ್ತೇನೆ ಎಂದಾಗ ನಾನೇ ಬೇಡ ಎಂದವಳು. ಬಸ್‌ಸ್ಟಾಪನ್ನು ಕಿತ್ತು ಹೆದ್ದಾರಿಯಾಚೆಗೆ ಹಾಕಿದ್ದಾರೆ, ಗಿರಣಿಯ ಎರಡನೇ ಪಾಳಿ ಮುಗಿಸಿದ ಹೆಂಗಸರು ಗೋಡೌನುಗಳ ನಡುವೆ ಕತ್ತಲಲ್ಲಿ ನಡೆದು ಬರುತ್ತಿದ್ದಾರೆ, ಓಟಿಗೆ ನಿಂತಿರುವ ಗುತ್ತಿಗೆದಾರ ಸಿಮೆಂಟಪ್ಪನ ಹೊಸ ಕಟ್ಟಡದ ಗೇಟಿಗೆ ಅಡ್ಡ ಎಂಬುದೊಂದೇ ಇದಕ್ಕೆಲ್ಲ ಕಾರಣ ಎಂದು ನೀನು ಅಂದೆ. ಗುತ್ತಿಗೆದಾರನ ಎದುರು ಫ್ಯಾನು ರಿಪೇರಿಯವನು ಗೆಲ್ಲುತ್ತಾನೇನೋ, ಸುಮ್ಮನಿರು ಎಂದೆ ನಾನು. ಆದರೆ ಮಾರನೇ ದಿನ ಶಾಲೆಯ ಸಮವಸ್ತ್ರದಲ್ಲಿ ಉಳಿದ ನೀಲಿ ಬಟ್ಟೆಯನ್ನೆಲ್ಲ ಜೋಡಿಸಿ ನಿನಗೆ ಬ್ಯಾನರು ಹೊಲಿದವಳು ಯಾರು? ಗಿರಣಿಯ ಹೆಂಗಸರು ಅದನ್ನು ಹಿಡಿದುಕೊಂಡು ಬೀದಿಬೀದಿ ತಿರುಗುವಾಗ ಮಂಡಿಗೆ ಬಟ್ಟೆ ಸುತ್ತಿಕೊಂಡು ಹಿಂದೆ ನಡೆದವಳು ಯಾರು?

ಓಟಿನ ಹಿಂದಿನ ಸಂಜೆ ನೀನು ಇಲ್ಲಿಗೆ ಬಂದೆ. ಬಂದವನು ಕುರ್ಚಿಯಲ್ಲಿ ಕೂರದೆ ಮಿಷನ್ನಿನ ಕೆಳಗೆ ಕೂತು, ಸರಿಯಾಗಿಯೇ ಓಡುತ್ತಿದ್ದ ಮೋಟಾರನ್ನು ಬಿಚ್ಚತೊಡಗಿದಾಗಲೇ ಏನೋ ಇದೆ ಅಂದುಕೊಂಡೆ. ತಲೆ ಎತ್ತದೆಯೇ ನೀನು ಹೇಳಿದೆ.

"ಅಕ್ಕಾ, ನೀನು ನಂಗೆ ಹಾಕಬೇಡ."

ಮತ್ತೆ ಯಾರಿಗೆ ಹಾಕಲಿ ಎಂದು ಕೇಳಿದೆ.

"ಅವನಿಗೇ ಹಾಕ್ಬಿಡು. ನಂಗೇನೂ ಅಂಥಾ ನಂಬಿಕೆ ಇಲ್ಲ. ಆದ್ರೂ."

ಆ ಆದ್ರೂ ಎಂಬ ಮಾತು ನನಗೆ ಎಲ್ಲಿ ಚುಚ್ಚಿತು ಎಂದು ಹೇಳಲಾರೆ. ಬೀದಿಯವರು ಸೋಲಕ್ಕ ಎನ್ನುವಾಗ ನಗುತ್ತಿದ್ದವಳು ನಾನು. ಬೇಕರಿಯವನು ಕೇಳಿದಾಗ ಬೇಕೆಂದೇ ಸುಳ್ಳು ಹೇಳಿ ಅವನನ್ನು ದಾರಿ ತಪ್ಪಿಸಿದ್ದೂ ಉಂಟು. ಆದರೆ ಎತ್ತಿ ಆಡಿಸಿದ ತಮ್ಮನೇ ನನ್ನ ಕೈಗೆ ಹೆದರಿದ. ಕೈಯಲ್ಲಿದ್ದ ಅಂಗಿಗೆ ಗುಂಡಿ ಹಾಕುತ್ತಾ ಕೂತೆ. ಆಮೇಲೆ ನೋಡಿದರೆ ಗುಂಡಿಗಳೆಲ್ಲ ತಪ್ಪು ಬದಿಗೆ ಬಿದ್ದಿದ್ದವು.

ಮರುದಿನ ಬೆಳಿಗ್ಗೆ ಮತಗಟ್ಟೆಗೆ ಹೋದೆ. ನಾವಿಬ್ಬರೂ ಓದಿದ ಅದೇ ಶಾಲೆಯ ಕೋಣೆ. ರಟ್ಟಿನ ಮರೆಯ ಹಿಂದೆ ನಿಂತು ಬಹಳ ಹೊತ್ತು ಚೀಟಿಯನ್ನೇ ನೋಡಿದೆನಂತೆ. ಏನಾದರೂ ತೊಂದರೆಯಾ ಅಮ್ಮಾ ಎಂದು ಅಧಿಕಾರಿ ಕೇಳಿದರು. ಮುದ್ರೆ ಒತ್ತಿ, ಮಡಚಿ, ಪೆಟ್ಟಿಗೆಗೆ ಹಾಕಿ ಮನೆಗೆ ಬಂದೆ. ಆ ದಿನ ಮಿಷನ್ನು ಮುಟ್ಟಲು ಮನಸ್ಸಾಗಲಿಲ್ಲ.

ಎಣಿಕೆಯ ದಿನ ನಡೆದದ್ದು ನಿನಗೇ ಗೊತ್ತು. ಒಮ್ಮೆ ನೀನು ಮುಂದೆ, ಒಮ್ಮೆ ಅವನು ಮುಂದೆ. ಕೊನೆಗೆ ಎಪ್ಪತ್ತು ಚಿಲ್ಲರೆ ಓಟಿನಲ್ಲಿ ಸೋತೆ. ಸಿಮೆಂಟಪ್ಪನ ಮುಖದಲ್ಲಿ ಗೆದ್ದ ಕಳೆಯೇ ಇರಲಿಲ್ಲ, ಅಷ್ಟು ಬೆವರಿಳಿಸಿದ್ದೆ ಅವನಿಗೆ. ಗಿರಣಿಯ ಹೆಂಗಸರು ನಿನ್ನ ಸುತ್ತ ನಿಂತಿದ್ದರು. ಒಬ್ಬಳು ಅಳುತ್ತಿದ್ದಳು. ಆಗ ನೀನು ಶಾಲೆಯ ಅಂಗಳದಲ್ಲಿ, ಅಷ್ಟೂ ಜನರ ಮುಂದೆ ಹೇಳಿದೆ: "ನಮ್ಮಕ್ಕ ಮಾತು ಕೇಳಿರಲ್ಲ. ಹಾಕಿರ್ತಾಳೆ ನಂಗೇ." ಎಲ್ಲರೂ ನಕ್ಕರು. ಅಳುತ್ತಿದ್ದವಳೂ ನಕ್ಕಳು. ನಾನೂ ನಕ್ಕೆ, ಇನ್ನೇನು ಮಾಡಲಿ? ಗೇಟಿನ ತನಕ ನಗುತ್ತಲೇ ನಡೆದೆ. ಮರುದಿನ ನೀನು ನನಗೆ ಹೇಳದೆ ಊರು ಬಿಟ್ಟೆ.

ಸೋತವರಿಗೆ ಓಟು ಹಾಕಿದ್ದಕ್ಕೆ ನಾನು ಒಂದು ದಿನವೂ ನಾಚಿಕೊಂಡವಳಲ್ಲ. ಆ ಟಾಕೀಸಿನವನದು ಬಿಡು, ಅದು ನನ್ನ ದುರಾಸೆ. ಉಳಿದವರಿಗೆಲ್ಲ ಇವರು ಬಂದರೆ ಒಳ್ಳೆಯದು ಅನ್ನಿಸಿ ಹಾಕಿದೆ. ಅವರು ಬರಲಿಲ್ಲ. ಇವರು ಬಂದರೆ ಒಳ್ಳೆಯದು ಎಂದು ಆಗ ಅನ್ನಿಸಿದ್ದು ಅದರಿಂದ ಸುಳ್ಳಾಯಿತೇನು? ಸೋತವರ ಹೆಸರಿನ ಮುಂದೆಯೂ ಒಂದು ಸಂಖ್ಯೆ ಬರೆಯುತ್ತಾರಲ್ಲ, ಅದರಲ್ಲಿ ನಾನಿದ್ದೇನೆ ಎಂದು ಪ್ರತಿ ಸಲ ಪೇಪರಿನಲ್ಲಿ ನೋಡಿ ಸಮಾಧಾನಪಡುತ್ತಿದ್ದೆ. ಗೆದ್ದವನು ಗೆದ್ದ ದಿನ ನೋಡುವುದೂ ಆ ಸಂಖ್ಯೆಯನ್ನೇ. ನಿನಗೆ ಬಿದ್ದ ಓಟು ಬೀದಿಯಲ್ಲಿ ಬಿದ್ದ ಕಸವಲ್ಲ ತಮ್ಮಾ, ಗುಡಿಸದೆ ಬಿಟ್ಟು ಹೋಗುವುದಕ್ಕೆ.

ಈಗ ಸುದ್ದಿ ಕೇಳು. ಮೊನ್ನೆ ಗಿರಣಿಯ ಹೆಂಗಸರೇ ಒಟ್ಟಾಗಿ ಬಸ್ ಡಿಪೋಗೆ ಹೋಗಿದ್ದರು. ಹಿಂದೆ ನೀನು ಹೋದಾಗ ಬಾಗಿಲಲ್ಲೇ ನಿಲ್ಲಿಸಿದ್ದ ಆ ಮೇಲಧಿಕಾರಿ ಈ ಸಲ ಒಳಗೆ ಕರೆದು ಕೂರಿಸಿದನಂತೆ. ಹೊಸದಾಗಿ ಮರ್ಯಾದೆ ಕಲಿತನೆಂದಲ್ಲ, ಆ ಸಂಖ್ಯೆ ಅವನ ಕಿವಿಗೂ ಬಿದ್ದಿದೆ. ಶುಕ್ರವಾರ ಬನ್ನಿ, ಬಸ್ಸಿನ ದಾರಿ ನೋಡೋಣ, ಬರುವಾಗ ನಿಮ್ಮ ಅಭ್ಯರ್ಥಿಯನ್ನೂ ಕರೆತನ್ನಿ ಎಂದನಂತೆ. ಅವರೆಲ್ಲಿದ್ದಾರೆ ಎಂದು ಕೇಳಿದ್ದಕ್ಕೆ ಇವರು ಹುಷಾರಿಲ್ಲ ಎಂದು ನಿನ್ನ ಪರವಾಗಿ ಸುಳ್ಳು ಹೇಳಿ ಬಂದಿದ್ದಾರೆ. ಇದನ್ನು ಹೇಳಲು ಬಂದ ಹೆಂಗಸು ನನ್ನೆದುರು ಕೂತು ನಿನ್ನ ಮೇಲೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಇನ್ನೊಂದು ವಿಷಯ. ನಿನ್ನ ಭಾವ ಎಂದಿನಂತಿದ್ದಾರೆ ಎಂದು ಬರೆದೆನಲ್ಲ, ಅದು ಪೂರ್ತಿ ನಿಜವಲ್ಲ. ಎಣಿಕೆಯ ದಿನದಿಂದ ನನ್ನನ್ನು ಕೆಣಕುವುದನ್ನೇ ಬಿಟ್ಟಿದ್ದಾರೆ. ನಿನ್ನೆ ತಡೆಯಲಾರದೆ ಕೇಳಿದರೆ, ಜೀವನದಲ್ಲಿ ಮೊದಲನೇ ಸಲ ಸೋತವನಿಗೆ ಹಾಕಿದೆ ಕಣೇ, ಅಭ್ಯಾಸವಿಲ್ಲ ಎಂದರು. ಅಚ್ಚಿನ ಲೆಕ್ಕ ನೋಡದೆ ಅವರು ಹಾಕಿದ ಒಂದೇ ಓಟು ನಿನ್ನದು.

ಗುರುವಾರದೊಳಗೆ ಬಾ. ಹೆಂಡತಿಯ ಮುಂದೆ ಮುಖ ತೋರಿಸಲು ಸಂಕೋಚವಾದರೆ ಮೊದಲು ಇಲ್ಲಿಗೆ ಬಾ, ಬೈದು ಕಳಿಸುತ್ತೇನೆ. ಚಿಕ್ಕಮ್ಮನಿಗೆ ನನ್ನ ನಮಸ್ಕಾರ ಹೇಳು, ಗಟ್ಟಿಯಾಗಿ ಹೇಳು. ನಿನಗೆ ಆಶೀರ್ವಾದ ಮಾಡಬೇಕಾದ ಕೈ ಇದೇ, ಬೇರೆ ಕೈ ನನ್ನಲ್ಲಿಲ್ಲ. ನೂರು ವರ್ಷ ಚೆನ್ನಾಗಿರು.

ನಿನ್ನ,
ಅಕ್ಕ

ಕಾಗದ ಅಂಟಿಸುವ ಮೊದಲು ಇನ್ನೊಂದು ಮಾತು: ನಾನು ನಿನಗೆ ಹಾಕಲಿಲ್ಲ. ನೀನು ಹೇಳಿದ ಹಾಗೆ ಸಿಮೆಂಟಪ್ಪನಿಗೇ ಒತ್ತಿ ಬಂದೆ. ನಿನ್ನ ಭಾವನಿಗೂ ಇದು ಗೊತ್ತಿಲ್ಲ. ಇಷ್ಟು ವರ್ಷಗಳಲ್ಲಿ ನಾನು ಹಾಕಿ ಗೆದ್ದ ಓಟು ಅದೊಂದೇ, ಅದನ್ನು ಹಾಕಿಸಿದವನು ನೀನು. ಅಂಗಳದಲ್ಲಿ ಅಷ್ಟು ಜನರ ಮುಂದೆ ಬಾಯಿಬಿಟ್ಟು ಹೇಳಿಬಿಡಬಹುದಿತ್ತು. ತಮ್ಮನಿಗೆ ಹಾಕದ ಅಕ್ಕ ಅನ್ನಿಸಿಕೊಳ್ಳುವುದಕ್ಕಿಂತ ಸೋಲಕ್ಕ ಅನ್ನಿಸಿಕೊಳ್ಳುವುದೇ ಮೇಲು ಎನ್ನಿಸಿತು. ನಿನ್ನ ಆ ಸಂಖ್ಯೆಯಲ್ಲಿ ಒಂದು ಕಡಿಮೆ ಇದೆ, ಪೇಪರು ನೋಡಿದಾಗಲೆಲ್ಲ ಕಣ್ಣಿಗೆ ಅದೇ ಕಾಣುತ್ತದೆ. ಮುಂದಿನ ಸಲ ನೀನು ನಿಲ್ಲಬೇಕು, ನಾನು ನಿನಗೇ ಹಾಕುತ್ತೇನೆ. ಸೋತರೆ ಸೋಲು. ಬೇಡ ಎಂದು ಕೇಳಲು ಮಾತ್ರ ಬರಬೇಡ.