ಬಿಸಿಯಿದ್ದ ಬಾನೆಟ್ಟು

ಹೊಸನಗರ, ಜನವರಿ ೧೯೬೭

ದುಗ್ಗಪ್ಪ,

ಸಂಸಾರ ಸಮೇತ ತೀರ್ಥಹಳ್ಳಿ ಬಿಟ್ಟು ನೀನು ಎಲ್ಲಿಗೆ ಹೋದೆಯೋ ಯಾರಿಗೂ ಗೊತ್ತಿಲ್ಲ. ಗೊತ್ತಿದ್ದರೂ ಇದನ್ನು ನಾನು ಅಂಚೆಗೆ ಹಾಕುತ್ತಿರಲಿಲ್ಲ.

ನೀನು ಮಾರಿದ ಹಳೇ ಟ್ರ್ಯಾಕ್ಟರು ಈ ಚಳಿಗೆ ಸ್ಟಾರ್ಟೇ ಆಗಲಿಲ್ಲ. ಇವತ್ತು ರಿಪ್ಪನ್‌ಪೇಟೆಯಿಂದ ಮೆಕ್ಯಾನಿಕ್ ಅಂತೋಣಿ ಬಂದು ಇಂಜಿನ್ ಆಯಿಲ್ ಇಳಿಸಿದ. ಜೋನಿಬೆಲ್ಲದ ಹಾಗೆ ಮಂದವಾಗಿ ಇಳಿಯಿತು.

"ಇದು ಗೇರ್ ಆಯಿಲ್ ಗೌಡ್ರೇ. ಸವೆದ ಇಂಜಿನ್ನಿನ ಸದ್ದು ಮುಚ್ಚೋಕೆ ಹಾಕ್ತಾರೆ. ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ನೋಡಿದ್ರೆ ಅವತ್ತೇ ಗೊತ್ತಾಗೋದು," ಅಂದ.

ಸರಿಯಾದ ಆಯಿಲ್ ಹಾಕಿದ ಮೇಲೆ ಇಂಜಿನ್ನು ಬಡಿದುಕೊಂಡದ್ದು ಕೆಳಮನೆಗೂ ಕೇಳಿಸಿತು.

ಕೊಳ್ಳುವ ಮೊದಲು ನೋಡಲು ಬೆಳಿಗ್ಗೆಯೇ ಬರುತ್ತೇನೆ ಅಂದಿದ್ದೆ ನಾನು. "ಎಂಥ ಅವಸರ ಮಾರಾಯ, ಮಧ್ಯಾಹ್ನ ಊಟಕ್ಕೇ ಬಾ" ಅಂದವನು ನೀನು. ಬಂದಾಗ ಬಾನೆಟ್ಟು ಬಿಸಿಯಿತ್ತು. ಈಗಷ್ಟೇ ಗದ್ದೆಯಿಂದ ತಂದೆ ಅಂದೆ. ತುಂಗೆಯಲ್ಲಿ ನನಗೆ ಈಜು ಕಲಿಸಿದವನು ನೀನು; ನಾನು ಮತ್ತೇನೂ ಕೇಳಲಿಲ್ಲ.

ಅವತ್ತು ಕಡುಬು, ಕೋಳಿ ಸಾರು. ಸಾಕು ಸಾಕು ಅಂದರೂ ನಿನ್ನ ಹೆಂಡತಿ, ವರದಮ್ಮ ಅತ್ತಿಗೆ, ನನ್ನ ಎಲೆಗೆ ಇನ್ನೆರಡು ಕಡುಬು ಹಾಕಿದರು.

ಟ್ರ್ಯಾಕ್ಟರು ಹಾಳಾಗಿ ಹೋಗಲಿ. ಆ ಎರಡು ಕಡುಬು ಹಾಕುವಾಗ ಅತ್ತಿಗೆಗೂ ಗೊತ್ತಿತ್ತಾ? ಅಷ್ಟು ಹೇಳು.