ಒಬ್ಬಳಿಗೆ ಪಾನಕ ಮಾಡುವ ಅಳತೆ

ಅತ್ತೆಮ್ಮ,

ನಿಮ್ಮನ್ನು ಹೀಗೆ ಕರೆಯುವುದಕ್ಕೆ ನನಗಿನ್ನೂ ಹಕ್ಕಿದೆಯೋ ಇಲ್ಲವೋ ಅಂತ ಈಗ ಜನಕ್ಕೆ ಅನುಮಾನ. ಪಟ್ಟುಕೊಳ್ಳಲಿ. ನನಗೆ ಬೇರೆ ಹೆಸರಿನಿಂದ ಕರೆದು ಅಭ್ಯಾಸವಿಲ್ಲ.

ಈ ಸಲದ ರಾಮನವಮಿಗೆ ಕರಬೂಜ ತಂದೆ. ಅರ್ಧ ಹಣ್ಣು ಕೊಡುತ್ತೀಯಾ ಅಂತ ಗಾಡಿಯವನನ್ನು ಕೇಳಿದರೆ, "ಅರ್ಧ ನೀವ್ ತಗೊಂಡೋದ್ರೆ ಇನ್ನರ್ಧ ಯಾರ್ ತಗೋತಾರಮ್ಮ?" ಅಂತ ನಕ್ಕ. ಇಡೀ ಹಣ್ಣನ್ನೇ ತಂದು ಹೆಚ್ಚಿ, ಕಿವುಚಿ, ಬೆಲ್ಲ ಕರಗಿಸಿ, ಏಲಕ್ಕಿ ಕುಟ್ಟಿ ಹಾಕಿದೆ. ನೋಡಿದರೆ ದೊಡ್ಡ ಪಾತ್ರೆ ತುಂಬಿತ್ತು. ದೇವರ ಮುಂದೆ ಇಟ್ಟು ಒಂದು ಲೋಟ ಕುಡಿದೆ. ಎದುರು ಮನೆಯ ಶಾಹೀನ್‌ಗೆ ಒಂದು ಚೊಂಬು ಕೊಟ್ಟೆ. ಉಳಿದದ್ದು ಫ್ರಿಜ್ಜಿನಲ್ಲಿ ಕೂತು ಕೂತು ಹುಳಿಯಾಯಿತು, ಸಿಂಕಿಗೆ ಸುರಿದೆ. ಸುರಿಯುವಾಗ ನೀವು ಬೈಯುತ್ತೀರೇನೋ ಅಂತ ಹಿಂದೆ ತಿರುಗಿ ನೋಡಿದೆ. ಎಷ್ಟೊಂದು ಕಲಿಸಿದಿರಲ್ಲ, ಒಬ್ಬಳಿಗೆ ಎಷ್ಟು ಪಾನಕ ಮಾಡಬೇಕು ಅಂತ ಯಾಕೆ ಕಲಿಸಲಿಲ್ಲ? ನಿಮ್ಮ ಅಳತೆಯೆಲ್ಲ ಪಾತ್ರೆಯ ಲೆಕ್ಕದ್ದು. ಮನೆಯವರಿಗೆ ಎಷ್ಟು ಬೇಕೋ ಅಷ್ಟು, ಅದರ ಮೇಲೆ ಯಾರಾದರೂ ಬಂದರೆ ಇರಲಿ ಅಂತ ಇನ್ನೊಂದಷ್ಟು. ಈಗ ಮನೆಯವರು ಅಂದರೆ ನಾನೊಬ್ಬಳು. ಬರುವವರು ಅಂದರೆ ಸಿಲಿಂಡರಿನವನು.

ನಿಮ್ಮಿಂದ ಮೊದಲ ಸಲ ಬೈಸಿಕೊಂಡ ದಿನ ಜ್ಞಾಪಕಕ್ಕೆ ಬರುತ್ತದೆ. ಅಟ್ಟೂರಿನ ಮನೆಗೆ ಸೊಸೆಯಾಗಿ ಬಂದ ಹೊಸತು. ನಾನು ಯಶವಂತಪುರದ ಹುಡುಗಿ. ನಿಮ್ಮ ಬಾಯಲ್ಲಿ ಹಕಾರವೇ ಬರುವುದಿಲ್ಲ ಅನ್ನುವುದನ್ನು ಬೇಗನೆ ಕಂಡುಹಿಡಿದು, ನಾನೇ ಜಾಣೆ ಅಂದುಕೊಂಡಿದ್ದೆ. ಆಲು ಅಂದರೆ ಹಾಲು, ಇಟ್ಟು ಅಂದರೆ ಹಿಟ್ಟು, ಅಬ್ಬ ಅಂದರೆ ಹಬ್ಬ. ನೀವು ಬಿಟ್ಟ ಹಕಾರವನ್ನೆಲ್ಲ ಮನಸ್ಸಿನಲ್ಲೇ ಸೇರಿಸಿಕೊಂಡು ಓಡಾಡುತ್ತಿದ್ದೆ. ಆವತ್ತು ನಿಮ್ಮ ತಮ್ಮ ಊಟಕ್ಕೆ ಬಂದಿದ್ದರು. ನೀವು ಹಿತ್ತಲಿನಿಂದಲೇ ಕೂಗಿದಿರಿ, "ಗಿರಿಜಾ, ಎಸರು ಇಡಮ್ಮ, ಬಂದೆ." ಮುದ್ದೆಗೆ ಒಲೆಯ ಮೇಲೆ ನೀರಿಡು ಅಂತ ನಿಮ್ಮ ಮಾತಿನ ಅರ್ಥ. ಜಾಣೆ ನಾನು, ಆ ಎಸರಿಗೂ ಒಂದು ಹಕಾರ ಸೇರಿಸಿ, ಡಬ್ಬದಲ್ಲಿದ್ದ ಹೆಸರುಕಾಳನ್ನೆಲ್ಲ ತೊಳೆದು ನೆನೆಯಲು ಇಟ್ಟೆ. ನೀವು ಬಂದು ನೋಡಿದರೆ ಒಲೆ ತಣ್ಣಗಿತ್ತು.

"ಇದ್ಯಾಕಮ್ಮ ಎಸರುಕಾಳು ನೆನೆ ಆಕಿದ್ದೀಯ?"

"ನೀವೇ ಹೇಳಿದ್ರಲ್ಲ ಅತ್ತೆಮ್ಮ, ಹೆಸರು ಇಡು ಅಂತ."

"ಅಯ್ಯೋ, ನಾನೇಳಿದ್ದು ಎಸರು ಕಣಮ್ಮ, ಎಸರಲ್ಲ!"

ಎರಡೂ ಒಂದೇ ಥರ ಕೇಳಿಸಿತು ನನಗೆ. ನಾನು ಬೆಪ್ಪಾಗಿ ನಿಂತಿದ್ದೆ, ಜಗಲಿಯಲ್ಲಿ ಕೂತ ನಿಮ್ಮ ತಮ್ಮ ಬಿದ್ದು ಬಿದ್ದು ನಗುತ್ತಿದ್ದರು. ನೀವು ಮೊದಲು ಬೈದಿರಿ, ಆಮೇಲೆ ನಿಮಗೂ ನಗು ತಡೆಯಲಾಗಲಿಲ್ಲ. ನೆನೆದ ಕಾಳನ್ನು ಮಾರನೆಯ ದಿನ ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ಆ ಹಾಲಿಗೆ ಬೆಲ್ಲ, ಏಲಕ್ಕಿ, ಒಂದು ಹರಳು ಉಪ್ಪು ಹಾಕಿ ಪಾನಕ ಮಾಡಿದಿರಿ. ನಿಮಗೆ ಅದು ಹಿಡಿಸಿಬಿಟ್ಟಿತು. ಅದಾದ ಮೇಲೆ ಬೇಸಿಗೆ ಬಂತೆಂದರೆ "ಏ ಗಿರಿಜಾ, ನಿನ್ ಎಸರು ಇಡು" ಅನ್ನುತ್ತಿದ್ದಿರಿ. ನಿನ್ನ ಎಸರು ಅಂದರೆ ಹೆಸರುಕಾಳು, ಬರೀ ಎಸರು ಅಂದರೆ ನೀರು. ಈ ಭಾಷೆ ನಮ್ಮಿಬ್ಬರನ್ನು ಬಿಟ್ಟು ಇನ್ನಾರಿಗೂ ಅರ್ಥವಾಗುತ್ತಿರಲಿಲ್ಲ. ಈಗ ನನ್ನೊಬ್ಬಳಿಗೆ ಅರ್ಥವಾಗಿ ಏನು ಪ್ರಯೋಜನ ಹೇಳಿ.

ನೀವು ಗಂಗಾನಗರಕ್ಕೆ ಬಂದಿಳಿದ ದಿನ ನಾನು ಎರಡನೇ ಮಹಡಿಯ ಈ ಬಾಡಿಗೆ ಮನೆಯಲ್ಲಿ ನೆಲದ ಮೇಲೆ ಕೂತು ಬ್ರೆಡ್ ತಿನ್ನುತ್ತಿದ್ದೆ. ನಿಮ್ಮ ಮಗ ಮುನಿರಾಜು ಬೇರೆಯವಳನ್ನು ಇಷ್ಟಪಟ್ಟರು, ಕೋರ್ಟಿನಲ್ಲಿ ನಾವು ಬೇರೆಯಾದೆವು, ನನಗೆ ಮಕ್ಕಳಿರಲಿಲ್ಲ. ಅದನ್ನು ಮತ್ತೆ ಕೆದಕುವುದಿಲ್ಲ, ನೀವಿದ್ದಾಗ ನಾವಿಬ್ಬರೂ ಸೇರಿ ಸಾಕಷ್ಟು ಕೆದಕಿದ್ದೇವೆ. ಅಟ್ಟೂರಿನ ಬಸ್ಸಿಳಿದು ಹೆಬ್ಬಾಳದಿಂದ ಆಟೋ ಮಾಡಿಕೊಂಡು ಬಂದಿದ್ದಿರಿ. ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದರಲ್ಲಿ ಮಜ್ಜಿಗೆ ಕಡೆಯುವ ಕಡಗೋಲು. ನೋಡಿಕೊಂಡು ಹೋಗಲು ಬಂದಿರಬೇಕು ಅಂದುಕೊಂಡು, ಎಷ್ಟು ದಿನ ಇರುತ್ತೀರಿ ಅಂತ ಕೇಳಿದೆ.

"ಅವನ್ಗೆ ಎಂಡ್ತಿ ಅವ್ಳೆ. ನಿನ್ಗ್ಯಾರವ್ರೆ?" ಅಂದಿರಿ. ನಾನು ಅಳುವುದಕ್ಕೆ ಶುರು ಮಾಡುವ ಮೊದಲೇ "ಮೊಸರೆಲ್ಲಿಟ್ಟಿದ್ದೀಯ?" ಅಂತ ಅಡುಗೆಮನೆಗೆ ನುಗ್ಗಿದಿರಿ. ಮೊಸರಿರಲಿಲ್ಲ. ಅದಕ್ಕೆ ಬೇರೆ ಬೈದಿರಿ.

ಈ ಮನೆಯಲ್ಲಿ ನೀವು ಕಾಲ ನೋಡಿ ಲೋಟ ತುಂಬಿಸುತ್ತಿದ್ದದ್ದನ್ನು ನೆನೆದರೆ ಈಗಲೂ ಬಾಯಾರುತ್ತದೆ. ಬೇಸಿಗೆಯಲ್ಲಿ ಬೆಳಿಗ್ಗೆ ಹಿಂದಿನ ದಿನದ ರಾಗಿ ಅಂಬಲಿಗೆ ಮಜ್ಜಿಗೆ ಬೆರೆಸಿ, ಈರುಳ್ಳಿ ಹೆಚ್ಚಿ ಹಾಕಿ ಕೊಡುತ್ತಿದ್ದಿರಿ. ಆರ್.ಟಿ. ನಗರದ ಮೆಡಿಕಲ್ ಶಾಪಿನಲ್ಲಿ ಇಡೀ ದಿನ ನಿಂತು ಬಿಲ್ಲು ಹಾಕಿ ನಾನು ಮೆಟ್ಟಿಲು ಹತ್ತಿ ಬಂದರೆ ನಿಂಬೆಹಣ್ಣಿನ ಪಾನಕ ಸಿದ್ಧವಿರುತ್ತಿತ್ತು. ಮಳೆ ಹಿಡಿದರೆ ಧನಿಯ, ಜೀರಿಗೆ, ಮೆಣಸು, ಒಣಶುಂಠಿ ಹುರಿದು ಕುಟ್ಟಿದ ಕಷಾಯ. ಚಳಿಗೆ ಅರಿಶಿನದ ಹಾಲು, ಅದರಲ್ಲಿ ಮೆಣಸು ಜಾಸ್ತಿಯಾಗಿ ನಾನು ಕೆಮ್ಮಿದರೆ "ಕೆಮ್ಮು, ಒಳಗಿರೋದೆಲ್ಲ ಈಚೆಗ್ ಬರ್ಲಿ" ಅನ್ನುತ್ತಿದ್ದಿರಿ. ಬೇಲದ ಹಣ್ಣು ಸಿಕ್ಕರೆ ಅದನ್ನು ಬಾಗಿಲ ಹೊಸ್ತಿಲಿಗೆ ಕುಟ್ಟಿ ಒಡೆದು ಕೆಳಗಿನ ಮನೆಯವರನ್ನು ಎಬ್ಬಿಸುತ್ತಿದ್ದಿರಿ. ಹೊಟ್ಟೆನೋವಿನ ದಿನಗಳಲ್ಲಿ ಕೇಳುವುದಕ್ಕೆ ಮುಂಚೆಯೇ ಮೆಂತ್ಯದ ನೀರು ಬರುತ್ತಿತ್ತು. ನಿಮಗೆ ಹೇಗೆ ಗೊತ್ತಾಗುತ್ತಿತ್ತು? ನಾನು ಎಂದೂ ಹೇಳಿದವಳಲ್ಲ.

ಶಾಹೀನ್ ಮದುವೆಯಾಗಿ ಎದುರು ಮನೆಗೆ ಬಂದ ವರ್ಷ ಅವಳು ನಿಮಗೆ ಬಾಟಲಿಯ ಕೂಲ್‌ಡ್ರಿಂಕ್ ಕೊಟ್ಟಳಲ್ಲ, ನೆನಪಿದೆಯಾ? ಒಂದು ಗುಟುಕು ಕುಡಿದು ಮೂಗು ಮುಚ್ಚಿಕೊಂಡಿರಿ. "ಇದೇನಮ್ಮ, ಮೂಗಲ್ಲಿ ಇರುವೆ ಬಿಟ್ಟಂಗೈತೆ!" ಆ ಹುಡುಗಿಗೆ ನಿಮ್ಮ ಮಾತು ಅರ್ಧ ಅರ್ಥವಾಗಲಿಲ್ಲ, ಆದರೂ ನಕ್ಕಿತು. ಮುಂದಿನ ರಂಜಾನಿನಲ್ಲಿ ಅವಳು ಉಪವಾಸ ಬಿಡುವ ಹೊತ್ತಿಗೆ ನೀವು ಹೆಸರುಕಾಳಿನ ಪಾನಕ ಕಳಿಸಿದಿರಿ. ತಿಂಗಳು ಪೂರ್ತಿ ಒಯ್ದು ಕೊಡುವ ಕೆಲಸ ನನ್ನದಾಯಿತು. ನಾನು ಗೊಣಗುತ್ತಿದ್ದೆ. ಈಗ ಆ ಗೊಣಗಾಟವೂ ಬೇಕು ಅನ್ನಿಸುತ್ತದೆ, ಯಾರ ಮೇಲೆ ಗೊಣಗಲಿ?

ನಿಮ್ಮನ್ನು ಅಟ್ಟೂರಿಗೆ ಕರೆದೊಯ್ದ ದಿನದ ಮಾತು ಹೇಳಲೇಬೇಕು, ಅದು ನಿಮಗೆ ಗೊತ್ತಿಲ್ಲ. ಕೊನೆಯ ವಾರ ನಿಮಗೆ ನುಂಗಲು ಆಗುತ್ತಿರಲಿಲ್ಲ. ತೆಳ್ಳಗೆ ಮಾಡಿದ ಗಂಜಿಯನ್ನು ಚಮಚದಲ್ಲಿ ಬಾಯಿಗೆ ಬಿಡುತ್ತಿದ್ದೆ, ಅದೂ ಕಟವಾಯಿಯಲ್ಲಿ ಇಳಿದು ಹೋಗುತ್ತಿತ್ತು. ನೀವು ಹೋದ ಮೇಲೆ ಮುನಿರಾಜು ಬಂದರು, ಅವರ ಈಗಿನ ಹೆಂಡತಿ ಶಿಲ್ಪ ಬಂದಳು, ನಿಮ್ಮನ್ನು ಊರಿಗೆ ಒಯ್ದರು. ತಪ್ಪೇನಲ್ಲ, ಅದು ನಿಮ್ಮ ಮನೆ, ಅವರು ನಿಮ್ಮ ಮಗ. ನಾನೂ ಹಿಂದೆ ಹೋದೆ. ಹೆಂಗಸರು ಒಬ್ಬೊಬ್ಬರಾಗಿ ಬಂದು ನಿಮ್ಮ ಕಾಲಿಗೆ ಅರಿಶಿನ ಕುಂಕುಮ ಹಚ್ಚುವಾಗ ನಾನೂ ಮುಂದೆ ಬಂದೆ. ಒಬ್ಬರು ಅಜ್ಜಿ ನನ್ನ ಕೈ ಹಿಡಿದು ಕೇಳಿದರು, "ನೀನ್ಯಾರಮ್ಮ ಇವ್ರಿಗೆ? ಏನಾಗ್ಬೇಕು?"

ಸೊಸೆ ಅನ್ನೋಣವೆಂದರೆ ಸೊಸೆ ಪಕ್ಕದಲ್ಲೇ ನಿಂತಿದ್ದಳು. ಮಗಳು ಅನ್ನೋಣವೆಂದರೆ ಸುಳ್ಳು. ಅಷ್ಟು ವರ್ಷ ಒಂದೇ ಚಾಪೆಯಲ್ಲಿ ಮಲಗಿದವಳು, "ಬೇಕಾದವರು" ಅಂದೆ ಅತ್ತೆಮ್ಮ. ಬೇಕಾದವರು! ಪಕ್ಕದ ಬೀದಿಯವರೂ ಬೇಕಾದವರೇ, ಹಾಲು ಹಾಕುವವನೂ ಬೇಕಾದವನೇ. ಅಜ್ಜಿ "ಆಗ್ಲಿ" ಅಂತ ಕೈ ಬಿಟ್ಟರು. ನಾನು ಹಿಂದಿನ ಸಾಲಿಗೆ ಬಂದು ನಿಂತೆ. ಆ ಪ್ರಶ್ನೆ ಮಾತ್ರ ನನ್ನ ಜೊತೆ ಗಂಗಾನಗರದವರೆಗೂ ಬಂತು. ಅಂಗಡಿಯಲ್ಲಿ ಬಿಲ್ಲು ಹಾಕುವಾಗ, ಒಬ್ಬಳೇ ಕೂತು ಮೊಸರನ್ನ ತಿನ್ನುವಾಗ, ನಾನು ನಿಮಗೆ ಏನಾಗಬೇಕಿತ್ತು ಅಂತ ಕೇಳಿಕೊಳ್ಳುವುದೇ ಆಯಿತು.

ನೀವು ಹೋಗಿ ವರ್ಷ ತುಂಬಿ, ಪಿತೃಪಕ್ಷ ಬಂತು. ಅಮಾವಾಸ್ಯೆಗೆ ನಾಲ್ಕಾರು ದಿನ ಇರುವಾಗ ಶಿಲ್ಪ ಫೋನ್ ಮಾಡಿದಳು. ಅವಳು ನನಗೆ ಫೋನ್ ಮಾಡಿದ್ದು ಅದೇ ಮೊದಲು.

"ಅಕ್ಕ, ಅಮ್ಮನಿಗೆ ಎಡೆ ಇಡ್ಬೇಕು. ಅವ್ರಿಗೆ ಏನ್ ಇಷ್ಟ ಅಂತ ಇವ್ರನ್ನ ಕೇಳಿದ್ರೆ ಕೋಳಿ ಸಾರು ಅಂತಾರೆ. ಕುಡಿಯೋಕೆ ಏನ್ ಇಡೋದು? ಕಾಫಿ ಇಟ್ರೆ ಸಾಕಾ?"

ಕಾಫಿ! ನೀವು ಕಾಫಿಯನ್ನು ಸುಟ್ಟ ನೀರು ಅನ್ನುತ್ತಿದ್ದದ್ದು ನಿಮ್ಮ ಮಗನಿಗೂ ಗೊತ್ತಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ. ನಿಮ್ಮನ್ನು ಕರೆಯುವ ಮನೆ ಅವಳದು, ನಿಮ್ಮ ಬಾಯಿರುಚಿ ಮಾತ್ರ ನನ್ನ ಹತ್ತಿರ ಉಳಿದಿದೆ. ಅದನ್ನೂ ಕೊಟ್ಟುಬಿಟ್ಟರೆ ನನಗೇನು ಉಳಿಯಿತು? ಅವಳು "ಹಲೋ, ಹಲೋ" ಅಂದಳು. ಆಮೇಲೆ ನೀವು ಹಸಿದು ಆ ಬಾಗಿಲಿಗೆ ಹೋಗಿ ಕಾಫಿ ಕಂಡು ಮುಖ ಸಿಂಡರಿಸುವುದು ಕಣ್ಣಿಗೆ ಬಂತು. ಹೆಸರುಕಾಳು ಎಷ್ಟು ಹೊತ್ತು ನೆನೆಯಬೇಕು, ಬಟ್ಟೆಯಲ್ಲಿ ಹೇಗೆ ಹಿಂಡಬೇಕು, ಉಪ್ಪು ಮರೆಯಬಾರದು, ಎಲ್ಲ ಹೇಳಿದೆ. ಅವಳು ಎರಡೆರಡು ಸಲ ಕೇಳಿಕೊಂಡಳು, ಪಾಪ, ಮನಸ್ಸಿಟ್ಟೇ ಕೇಳಿದಳು. ಕೊನೆಗೆ ನಾನೇ ಕೇಳಿದೆ, "ನಾನೂ ಇಲ್ಲಿ ಎಡೆ ಇಡಬಹುದಾ?"

"ಇಡಿ ಅಕ್ಕ... ಆದ್ರೆ ಹಿರೀಕ್ರು ಮಗನ ಮನೆಗೇ ಬರೋದಂತೆ, ಊರಲ್ಲಿ ಹಂಗಂತಾರೆ" ಅಂದಳು. ಚುಚ್ಚಿ ಹೇಳಲಿಲ್ಲ, ಕೇಳಿದ್ದನ್ನು ಹೇಳಿದಳು. ಫೋನ್ ಇಟ್ಟ ಮೇಲೆ ನನಗೆ ಅಳು ಬಂತು. ಬದುಕಿದ್ದಾಗ ಮಗನ ಮನೆ ಬಿಟ್ಟು ನನ್ನ ಮನೆಗೆ ಬಂದವರು ನೀವು. ಹೋದ ಮೇಲೆ ಊರಿನ ಮಾತು ಕೇಳುತ್ತೀರಾ? ಕೇಳಿದರೂ ಕೇಳಬಹುದು. ಅಲ್ಲಿ ನಿಮ್ಮ ಗಂಡ ಇದ್ದಾರೆ, ಅತ್ತೆ ಮಾವ ಇದ್ದಾರೆ, ಎಲ್ಲರೂ ಒಟ್ಟಿಗೆ ಹೊರಟರೆ ನೀವೊಬ್ಬರೇ ಹೆಬ್ಬಾಳದ ಕಡೆಗೆ ತಿರುಗುವುದು ಹೇಗೆ?

ಇವತ್ತು ಅಮಾವಾಸ್ಯೆ. ಅಂಗಡಿಗೆ ರಜೆ ಹೇಳಿ ಎಡೆ ಇಟ್ಟೆ. ಮುದ್ದೆ, ಸೊಪ್ಪಿನ ಸಾರು, ವಡೆ, ಪಾಯಸ, ಪಕ್ಕದಲ್ಲಿ ಪಾನಕ. ಅದರ ಹಿಂದೆ ನಿಮ್ಮ ಹಸಿರು ಸೀರೆ ಮಡಿಸಿ ಇಟ್ಟೆ. ಧೂಪ ಹಾಕಿ ಕೈ ಮುಗಿದೆ. ಆಮೇಲಿನದು ಅಟ್ಟೂರಿನಲ್ಲಿ ನೀವು ಮಾಡಿಸುತ್ತಿದ್ದ ಹಾಗೆಯೇ. ಎಡೆ ಇಟ್ಟ ಮೇಲೆ ಮನೆಯಲ್ಲಿ ಯಾರೂ ಇರಬಾರದು, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲಬೇಕು, ಹಿರಿಯರು ಬಂದು ನೆಮ್ಮದಿಯಾಗಿ ಉಣ್ಣಬೇಕು. ಒಳಗೆ ಹೋಗುವ ಮುಂಚೆ ಬಾಗಿಲು ತಟ್ಟಬೇಕು, ಇಲ್ಲದಿದ್ದರೆ ಎಲೆಯ ಮುಂದೆ ಕೂತವರು ಬೆಚ್ಚುತ್ತಾರೆ. ಅಲ್ಲಿ ಹಾಗೆ ಹೊರಗೆ ನಿಲ್ಲುವಾಗ ಜಗಲಿ ತುಂಬ ಜನ, ಹರಟೆ, ನಗು. ಇಲ್ಲಿ ನಾನೊಬ್ಬಳೇ ಮೆಟ್ಟಿಲ ಹತ್ತಿರ ಬರಿಗಾಲಿನಲ್ಲಿ ನಿಂತೆ. ಯಾರಾದರೂ ನೋಡಿದರೆ ಏನೆಂದುಕೊಂಡಾರು ಅಂತ ನಾಚಿಕೆಯೂ ಆಯಿತು. ಬಂದಿದ್ದಾರೋ ಇಲ್ಲವೋ ಅಂತ ಬಾಗಿಲಿಗೆ ಕಿವಿ ಕೊಟ್ಟೆ.

ಶಾಹೀನ್ ತರಕಾರಿ ಚೀಲ ಹಿಡಿದು ಮೆಟ್ಟಿಲು ಹತ್ತಿ ಬಂದಳು. ನನ್ನನ್ನು ನೋಡಿ ಗಾಬರಿಯಾದಳು.

"ಕ್ಯಾ ಹುವಾ ಆಂಟಿ? ಯಾಕೆ ಹೊರಗಡೆ ನಿಂತಿದ್ದೀರ? ಕೀ ಒಳಗೇ ಬಿಟ್ಬಿಟ್ರಾ?"

"ಇಲ್ಲಮ್ಮ," ಅಂದೆ. "ಒಳಗೆ ನಮ್ಮತ್ತೆ ಊಟಕ್ಕೆ ಕೂತಿದ್ದಾರೆ."

ಯೋಚನೆ ಮಾಡಿ ಹೇಳಿದ್ದಲ್ಲ, ಬಾಯಿಗೆ ತಾನಾಗಿ ಬಂತು. ಆ ಅಜ್ಜಿಗೆ ಹೇಳಲಾಗದ ಮಾತು. ಶಾಹೀನ್ ಒಂದು ಕ್ಷಣ ನನ್ನ ಮುಖ ನೋಡಿದಳು. ಚೀಲ ಕೆಳಗಿಟ್ಟು, ದುಪಟ್ಟಾ ತಲೆಯ ಮೇಲೆ ಎಳೆದುಕೊಂಡು, ನನ್ನ ಪಕ್ಕಕ್ಕೆ ಬಂದು ನಿಂತಳು.

ಸ್ವಲ್ಪ ಹೊತ್ತಾದ ಮೇಲೆ ನಾನು ಬಾಗಿಲು ತಟ್ಟಿದೆ. ನನ್ನ ಮನೆಯ ಬಾಗಿಲನ್ನು ನಾನೇ ಮೆಲ್ಲಗೆ ತಟ್ಟಿ, ನೀವು ಎದ್ದು ಕೈ ತೊಳೆದುಕೊಳ್ಳುವಷ್ಟು ಹೊತ್ತು ಕಾದು, ಆಮೇಲೆ ಒಳಗೆ ಹೋದೆ. ಮುಂದಿನ ವರ್ಷವೂ ಹೀಗೇ ಕಾಯುತ್ತೇನೆ, ಆತುರ ಪಡಬೇಡಿ, ನಿಧಾನವಾಗಿ ಉಣ್ಣಿ.

ನಿಮ್ಮ ಸೊಸೆ,
ಗಿರಿಜಾ