ನಕಲು ಆಯ್ತು ಎಂದಿದ್ದೆನಲ್ಲ, ಅತ್ತಿಗೆ

ಪ್ರೀತಿಯ ಅತ್ತಿಗೆಯವರಿಗೆ,

ನಾಳೆ ನೀವು ತವರಿನಿಂದ ಬರುತ್ತೀರಿ. ಬಂದವರು ಚೀಲ ಇಳಿಸಿ, ಚಹಾ ಕುಡಿದು, ಆಮೇಲೆ ಹೊಲಿಗೆ ಕೋಣೆಗೆ ಹೋಗುತ್ತೀರಿ. ಚಹಾಕ್ಕೂ ಹೊಲಿಗೆ ಕೋಣೆಗೂ ನಡುವೆ ಈ ಪತ್ರ ಸಿಗಲೆಂದು ಸಕ್ಕರೆ ಡಬ್ಬಿಗೆ ಒರಗಿಸಿ ಇಡುತ್ತಿದ್ದೇನೆ. ಬಾಯಲ್ಲೇ ಹೇಳಬಹುದಿತ್ತು. ಆದರೆ ಈ ಬಾಯಿಯ ಯೋಗ್ಯತೆ ಎಷ್ಟೆಂದು ಕೆಳಗೆ ಓದಿದರೆ ನಿಮಗೇ ತಿಳಿಯುತ್ತದೆ.

ನಿಮ್ಮ ಕಂಪ್ಯೂಟರಿನಲ್ಲಿದ್ದ ನಕ್ಷೆಗಳು ಇಲ್ಲ. ಅಂಗಡಿಯ ಯಾವ ಸೈಜೂ ಹೊಂದದ ಮೈಯವರಿಗಾಗಿ, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ನೀವು ಅಳತೆ ಸಮೇತ ಬರೆದಿಟ್ಟಿದ್ದ, ಬಟ್ಟೆ ಕತ್ತರಿಸುವ ನಕ್ಷೆಗಳನ್ನೆಲ್ಲ ನಾನು ಅಳಿಸಿಬಿಟ್ಟಿದ್ದೇನೆ. ಇದರ ಜೊತೆಗೆ ಒಂದು ಒಳ್ಳೆಯ ಸುದ್ದಿಯನ್ನೂ ಸೇರಿಸೋಣವೆಂದು ಬೆಳಗಿನಿಂದ ಹುಡುಕಿದೆ. ಸಿಗಲಿಲ್ಲ.

ಹೊರಡುವಾಗ ನೀವು ನನ್ನನ್ನು ಎಂದಿನಂತೆ ರೇಗಿಸುತ್ತ ಹೇಳಿದ್ದು ಇಷ್ಟೇ: "ಪ್ರೊಫೆಸರ್, ನಾನು ಬರೋಷ್ಟರಲ್ಲಿ ಇದರದ್ದೊಂದು ನಕಲು ಮಾಡಿಡಪ್ಪ. ಈ ಡಬ್ಬಾ ಯಾವಾಗ ಕಣ್ಮುಚ್ಚುತ್ತೋ." ಬೇರೆ ಯಾರಾದರೂ ಆಗಿದ್ದರೆ ಒಂದು ಪೆನ್ ಡ್ರೈವ್ ತಂದು ಕೆಲಸ ಮುಗಿಸಿ ಮಲಗುತ್ತಿದ್ದರು. ನನಗೆ ಅಷ್ಟು ಸಣ್ಣ ಕೆಲಸ ಸೇರೀತೇ? ಅಟ್ಟದಿಂದ ನನ್ನ ಹಳೆಯ ಲ್ಯಾಪ್‌ಟಾಪ್ ಇಳಿಸಿದೆ. ಅದಕ್ಕೆ ಲಿನಕ್ಸ್ ಹಾಕಿ, ನಿಮ್ಮ ನಕ್ಷೆಗಳನ್ನು ದಿನಾ ತಾನಾಗಿ ನಕಲು ಮಾಡಿಕೊಳ್ಳುವ ಕಾವಲುಗಾರನನ್ನಾಗಿ ನಿಲ್ಲಿಸುತ್ತೇನೆಂದು ಸೊಂಟ ಕಟ್ಟಿದೆ. ಲಿನಕ್ಸ್ ಎಂದರೆ ಎಲ್ಲೆಲ್ಲಿಯದೋ ಜನ ಸೇರಿ ಬರೆದು, ಯಾರು ಬೇಕಾದರೂ ಪುಕ್ಕಟೆ ಬಳಸಲೆಂದು ಬಿಟ್ಟಿರುವ ಆಪರೇಟಿಂಗ್ ಸಿಸ್ಟಮ್. ಅವರದೇನೂ ತಪ್ಪಿಲ್ಲ, ಪಾಪ.

ಆ ಲ್ಯಾಪ್‌ಟಾಪಿಗೆ ಸಿಡಿಯ ಬಾಯಿ ತೆರೆಯದು, ಪೆನ್ ಡ್ರೈವ್ ಚುಚ್ಚುವ ಕಿಂಡಿಗಳಿಗೆ ಜೀವವಿಲ್ಲ. ಉಳಿದದ್ದು ಮನೆಯ ನೆಟ್‌ವರ್ಕ್ ತಂತಿ. ಸರಿ, ತಂತಿಯ ಮೂಲಕ ಲಿನಕ್ಸ್ ಬಡಿಸಲು ನನ್ನ ಕಂಪ್ಯೂಟರನ್ನೇ ನಿಲ್ಲಿಸಿದೆ. ತಂತಿಯ ಇನ್ನೊಂದು ತುದಿಯಲ್ಲಿ ಯಾವ ಯಂತ್ರ ಎದ್ದು 'ನನಗೇನಾದರೂ ಇದೆಯೇ' ಎಂದರೂ ಅದಕ್ಕೆ ಲಿನಕ್ಸ್ ಹಾಕಬೇಕು. ಹಾಕುವ ಮೊದಲು 'ಇರುವುದನ್ನೆಲ್ಲ ಅಳಿಸಲೇ' ಎಂಬ ಪ್ರಶ್ನೆ ಬರುತ್ತದೆ. ಅದಕ್ಕಾಗಿ ಯಾರು ಕಾದು ಕೂರುತ್ತಾರೆ? ಎಲ್ಲ ಪ್ರಶ್ನೆಗೂ ಮೊದಲೇ 'ಹೌದು' ಬರೆದಿಟ್ಟು ಕಾಲು ಚಾಚಿದೆ.

ನಿಮ್ಮ ಕಂಪ್ಯೂಟರೂ ಅದೇ ತಂತಿಗೆ ಸೇರಿದೆ ಎಂಬುದು ನನಗೆ ಹೊಳೆಯಲೇ ಇಲ್ಲ. ಅದು ಏಳುವಾಗಲೆಲ್ಲ ಮೊದಲು ತಂತಿಯನ್ನೇ ಕೇಳುತ್ತಿತ್ತಂತೆ. ಇಷ್ಟು ವರ್ಷ ಯಾರೂ ಉತ್ತರ ಕೊಡದೆ, ತನ್ನ ಪಾಡಿಗೆ ತನ್ನ ಡಿಸ್ಕಿನಿಂದಲೇ ಏಳುತ್ತಿತ್ತು. ಆ ಮಧ್ಯಾಹ್ನ ಅಣ್ಣ ಹಾಡು ಕೇಳಲೆಂದು ಅದರ ಗುಂಡಿ ಒತ್ತಿ, ಅದು ಏಳುವಷ್ಟರಲ್ಲಿ ಚಹಾ ಮಾಡಿಕೊಳ್ಳಲು ಒಳಗೆ ಹೋದ. ಅದು ಕೇಳಿತು. ನಾನು ಕೊಟ್ಟೆ. ನನ್ನ ಪರದೆಯ ಮೇಲೆ ಎರಡು ಕೋರಿಕೆ ಬಂದದ್ದನ್ನು ಈ ಕಣ್ಣಿಂದಲೇ ನೋಡಿದೆ, ಅತ್ತಿಗೆ. ಲ್ಯಾಪ್‌ಟಾಪೇ ಎರಡೆರಡು ಸಲ ಬೇಡುತ್ತಿದೆ, ಪಾಪ ಹಸಿದಿದೆ ಎಂದುಕೊಂಡೆ.

ಚಹಾ ಹಿಡಿದು ಬಂದ ಅಣ್ಣ ಹೊಲಿಗೆ ಕೋಣೆಯಿಂದ ಕೂಗಿದ. "ಲೋ, ಇದ್ಯಾಕೋ ಬೇರೆಯವರ ಕಂಪ್ಯೂಟರ್ ಥರ ಕಾಣ್ತಿದೆ? ನಾನೇನೂ ಮಾಡ್ಲಿಲ್ಲ ಕಣೋ, ಗುಂಡಿ ಒತ್ತಿದ್ದಷ್ಟೇ." ಹೋಗಿ ನೋಡಿದೆ. ಲ್ಯಾಪ್‌ಟಾಪಿಗೆಂದು ಬಡಿಸಿದ ಲಿನಕ್ಸ್ ನಿಮ್ಮ ಡಿಸ್ಕನ್ನು ಒರೆಸಿ ಅಲ್ಲಿ ಕೂತಿತ್ತು. ಅಳಿಸಿದ್ದನ್ನು ಹಿಂದಕ್ಕೆ ಎಳೆಯುವ ಉಪಾಯಗಳನ್ನೆಲ್ಲ ಮಾಡಿದೆ, ಏನೂ ಬರಲಿಲ್ಲ.

ಸಂಜೆ ನಿಮ್ಮ ಫೋನ್ ಬಂದಾಗ ಅಣ್ಣ ಮುಖ ಸಣ್ಣದು ಮಾಡಿಕೊಂಡು, "ನಾನೇ ಹಾಳು ಮಾಡಿದೆ ಅಂದ್ಬಿಡ್ಲಾ?" ಎಂದು ಪಿಸುಗುಟ್ಟಿದ. ಇಲ್ಲ ಅಣ್ಣ, ನಿನ್ನದೇನೂ ಇಲ್ಲ ಎಂದು ನಾನು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಅವನ ಕೈಯಿಂದ ಫೋನ್ ತೆಗೆದುಕೊಂಡೆ. "ನಕಲು ಆಯ್ತೇನಪ್ಪಾ?" ಎಂದಿರಿ. "ಆಯ್ತು ಅತ್ತಿಗೆ, ನೀವು ಹಾಯಾಗಿರಿ" ಎಂದೆ. ಅಣ್ಣ ನನ್ನನ್ನೇ ನೋಡುತ್ತ ನಿಂತ. ಅವನಿಗೆ ಎಲ್ಲ ಹೇಳಿದ್ದು ಮರುದಿನ, ಅದೂ ಬೇರೊಬ್ಬರ ಎದುರಿಗೆ.

ಮರುದಿನ ಲೈಬ್ರರಿ ಮೇಡಂ ಬಂದರು, ಮೈಮೇಲೆ ನೀವು ಹೊಲಿದುಕೊಟ್ಟ ಕೋಟು, ಕೈಯಲ್ಲಿ ಇನ್ನೊಂದಕ್ಕೆ ಬಟ್ಟೆ. "ನಿಮ್ಮತ್ತಿಗೆ ಫೋನ್ ಮಾಡಿದ್ರು. ನಕ್ಷೆ ಭದ್ರವಾಗಿದೆ, ಬಟ್ಟೆ ಕೊಟ್ಟು ಹೋದ್ರೆ ಸಾಕು ಅಂದ್ರು." ನನ್ನ ಮಾತನ್ನು ನಂಬಿ ನೀವು ಹಾಗೆ ಹೇಳಿದ್ದಿರಿ. ಇನ್ನೊಂದು ಸುಳ್ಳಿಗೆಂದು ತೆರೆದ ಬಾಯಲ್ಲಿ ನಿಜವೇ ಬಂತು. ಇಬ್ಬರಿಗೂ ಇದ್ದದ್ದು ಇದ್ದಂತೆ ಹೇಳಿದೆ. ಹೇಳಿ ಸುಮ್ಮನಾಗಬೇಕೋ ಬೇಡವೋ, "ಅದಕ್ಕೇನಂತೆ ಮೇಡಂ, ಅತ್ತಿಗೆ ಬಂದ ಮೇಲೆ ಇನ್ನೊಂದ್ಸಲ ಅಳತೆ ಕೊಟ್ರಾಯ್ತು, ಎರಡು ನಿಮಿಷ" ಎಂದು ಬೇರೆ ಸೇರಿಸಿದೆ.

ಅವರು ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಕೂತರು. "ಎಷ್ಟೋ ಟೈಲರ್‌ಗಳ ಮುಂದೆ ನಿಂತಿದ್ದೀನಪ್ಪ. ಒಬ್ಬನಂತೂ ಪಕ್ಕದಂಗಡಿಯವನನ್ನ ಕರೆದು ತೋರಿಸಿದ್ದ, ನೋಡು ಬಾ ಇಲ್ಲಿ ಅಂತ. ನಿಮ್ಮತ್ತಿಗೆ ಬಾಗಿಲು ಹಾಕಿ, ಕನ್ನಡಿ ಆ ಕಡೆ ತಿರುಗಿಸಿ ಅಳತೆ ತಗೊಂಡ್ರು. ಇದೇ ಕೊನೆ ಮೇಡಂ, ಇನ್ಯಾವತ್ತೂ ನಿಮ್ಮನ್ನ ನಿಲ್ಸಲ್ಲ ಅಂದ್ರು."

ನೀವು ಅವರಿಗೆ ಕೊಟ್ಟ ಮಾತು ಆ ಕಂಪ್ಯೂಟರಿನಲ್ಲಿತ್ತೆಂದು ನನಗೆ ಗೊತ್ತಿರಲಿಲ್ಲ, ಅತ್ತಿಗೆ. ಇನ್ನೆಷ್ಟು ಜನರಿಗೆ ಹೀಗೆ ಹೇಳಿದ್ದೀರೋ.

ಅವರು ಮೈಮೇಲಿದ್ದ ಕೋಟಿನ ತೋಳು ಸವರುತ್ತ, "ಇದರ ಹೊಲಿಗೆ ಬಿಚ್ಚಿದ್ರೆ ಅಳತೆ ಸಿಗಲ್ವಾ?" ಎಂದರು. ಸಿಗುತ್ತದೆ, ಆದರೆ ಕೋಟು ಚೂರು ಚೂರಾಗುತ್ತದೆ, ಮತ್ತೆ ಸೇರಿಸುವವರೆಗೆ ನೀವೇನು ಹಾಕಿಕೊಳ್ಳುತ್ತೀರಿ ಮೇಡಂ ಎಂದೆ. "ಟೇಪಿಗೆ ನಿಲ್ಲೋದಕ್ಕಿಂತ ಚಳಿಯೇ ವಾಸಿ" ಎಂದು ನಕ್ಕು, ಕೋಟು ಬಿಚ್ಚಿ ಕುರ್ಚಿಯ ಮೇಲೆ ಹಾಕಿದರು. ಅಣ್ಣ ಓಡಿಹೋಗಿ ತನ್ನ ಶಾಲು ತಂದು ಕೊಟ್ಟ.

ಗೇಟಿನವರೆಗೆ ಹೋದೆ. ಶಾಲು ಹೊದ್ದು ಅವರು ಹೋಗುತ್ತಿದ್ದರು. ಬಾಗಿದ ಬೆನ್ನು, ಒಂದು ಕಡೆಗೆ ಇಳಿದ ಭುಜ. ಎದುರು ಬಂದವರು ತಿರುಗಿ ತಿರುಗಿ ನೋಡಿದರು. ಇಷ್ಟು ವರ್ಷದಿಂದ ಅವರನ್ನು ನಿಮ್ಮ ಕೋಟಿನಲ್ಲಿ ಇದೇ ರಸ್ತೆಯಲ್ಲಿ ನೋಡುತ್ತಿದ್ದೇನೆ, ಅತ್ತಿಗೆ. ಅವರಿಗೆ ಅಂಥ ಬೆನ್ನಿದೆ ಎಂದು ನನಗೆ ಮೊನ್ನೆಯವರೆಗೂ ಗೊತ್ತೇ ಇರಲಿಲ್ಲ.

ಕೋಟು ನಿಮ್ಮ ಮೇಜಿನ ಮೇಲಿದೆ. ನಾನು ಮುಟ್ಟಿಲ್ಲ. ಮೊದಲು ಅದನ್ನು ನೋಡಿ, ನನ್ನನ್ನು ಆಮೇಲೆ ವಿಚಾರಿಸಿಕೊಳ್ಳಿ. ಎಷ್ಟು ಬೈದರೂ ಅಡ್ಡಬಾಯಿ ಹಾಕುವುದಿಲ್ಲ.

ನಿಮ್ಮ ಕತ್ತರಿ ಎಂದೂ ಮೊಂಡಾಗದಿರಲಿ.

ತಲೆ ತಗ್ಗಿಸಿಕೊಂಡು,
ನಿಮ್ಮ ಮೈದುನ